ಕಣ್ಣುಂಟು, ಕೈಯಿಲ್ಲ

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯಲ್ಲಿ ಕನ್ನಡ ಕಲಿಸುವ ನಮಗೆ ಜೂನ್ ತಿಂಗಳು ಬಂತೆಂದರೆ ಎಣಿಕೆಯದೇ ಚಿಂತೆ. ಪ್ರಾಥಮಿಕ ಹಂತದಲ್ಲಿ ತರಗತಿಗೆ 10 ಮಕ್ಕಳು, ಇಲ್ಲವೇ ಇಡೀ ಶಾಲೆಗೆ 40 ಮಕ್ಕಳು ಇದ್ದರೆ ಮಾತೃಭಾಷೆಯ ಉಪಾಧ್ಯಾಯರನ್ನು ಕೊಡತಕ್ಕದ್ದೆಂದು 1949ರಲ್ಲಿ ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನವು ನಿರ್ಣಯಿಸಿತ್ತು. ಕೆಳಗಿನ ಶಾಲೆಯಲ್ಲಿ ಹತ್ತು ಮಕ್ಕಳಾಗದಿದ್ದರೆ ನಮ್ಮ ಪ್ರೌಢಶಾಲೆಗೆ ಬರುವವರಾದರೂ ಯಾರು? ಹಾಜರಿ ಪುಸ್ತಕದಲ್ಲಿ ಒಂಬತ್ತನೆಯ ಹೆಸರು ಬರೆದು ಲೇಖನಿ ನಿಲ್ಲಿಸಿದವರಿಗೇ ಆ ಕಷ್ಟ ಗೊತ್ತು.

ಇಂಥದನ್ನು ವಿಚಾರಿಸಲೆಂದೇ ಸಂವಿಧಾನವು ಒಬ್ಬ ಅಧಿಕಾರಿಯನ್ನು ಇಟ್ಟಿದೆಯೆಂದರೆ ನಮ್ಮ ಹತ್ತನೆಯ ತರಗತಿಯ ಮಕ್ಕಳು ನಂಬುವುದಿಲ್ಲ. 1953ರಲ್ಲಿ ಆಂಧ್ರ ರಾಜ್ಯವಾಯಿತು, 1956ರಲ್ಲಿ ಭಾಷಾವಾರು ಪುನರ್ವಿಂಗಡಣೆಯಾಯಿತು; ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಾವು ಇಲ್ಲಿಯೇ ಉಳಿದೆವು. ನಮ್ಮಂಥವರಿಗಾಗಿ ಆ ವರ್ಷದ ಏಳನೆಯ ತಿದ್ದುಪಡಿಯು 350ಬಿ ವಿಧಿಯನ್ನು ಸೇರಿಸಿತು. ಅದರಂತೆ ರಾಷ್ಟ್ರಪತಿಗಳು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನು ನೇಮಿಸುತ್ತಾರೆ. ಅವರು ವಿಚಾರಣೆ ಮಾಡಿ ವರದಿ ಒಪ್ಪಿಸಬೇಕು. ವರದಿಯು ಸಂಸತ್ತಿನ ಎರಡೂ ಸದನಗಳ ಮುಂದೆ ಬರಬೇಕು, ರಾಜ್ಯ ಸರಕಾರಗಳಿಗೂ ಹೋಗಬೇಕು. ಅಲ್ಲಿಗೆ ಮುಗಿಯಿತು. ಉಪಾಧ್ಯಾಯರನ್ನು ನೇಮಿಸಿರೆಂದು ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ.

ಹಾಗಾದರೆ ಆ ಅಧಿಕಾರ ಕೊಟ್ಟುಬಿಡಲಿ ಎನ್ನುವ ಮಿತ್ರರಿದ್ದಾರೆ. ನಾವು ಒಪ್ಪುವುದಿಲ್ಲ. ಶಾಲೆಯ ಖರ್ಚಿಗೆ ಹಣ ಮಂಜೂರು ಮಾಡುವುದು ಶಾಸನಸಭೆ, ಶಾಲೆ ನಡೆಸುವುದು ಮಂತ್ರಿಮಂಡಲ. ಮತ ಕೇಳಲು ಬಾರದ ಅಧಿಕಾರಿಯೇ ಎಲ್ಲವನ್ನೂ ಆಳಿದರೆ, ತಪ್ಪಾದಾಗ ನಾವು ಯಾರ ಮನೆಯ ಬಾಗಿಲು ತಟ್ಟೋಣ?

ಆದರೆ ನಿರ್ಭಯವಾಗಿ ವರದಿ ಬರೆಯಬೇಕಾದವರ ಕುರ್ಚಿ ಭದ್ರವಾಗಿರಬೇಕು. ಮುಖ್ಯ ಚುನಾವಣಾ ಆಯುಕ್ತರನ್ನೂ ಮಹಾಲೇಖಪಾಲರನ್ನೂ ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯುವ ರೀತಿಯಲ್ಲಲ್ಲದೆ ತೆಗೆಯುವಂತಿಲ್ಲ. 350ಬಿ ವಿಧಿಯಲ್ಲಿ ಇಂಥ ರಕ್ಷಣೆಯ ಮಾತೇ ಇಲ್ಲ. ಕುರ್ಚಿಯ ಪ್ರಶ್ನೆ ಸಣ್ಣದೆನ್ನುವವರು ನಮ್ಮ ರಾಜ್ಯದಲ್ಲೇ ನಡೆದುದನ್ನು ನೆನೆಯಲಿ. 2020ರ ಮಾರ್ಚಿಯಲ್ಲಿ ರಾಜ್ಯ ಚುನಾವಣಾ ಆಯುಕ್ತರು ಕೊರೋನಾ ಕಾರಣದಿಂದ ಸ್ಥಳೀಯ ಚುನಾವಣೆಗಳನ್ನು ಮುಂದೂಡಿದರು. ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ಹೊರಟು ಅವರ ಅವಧಿ 5 ವರ್ಷದಿಂದ 3ಕ್ಕೆ ಇಳಿಯಿತು. ಅವರ ಹುದ್ದೆ ಹೋಯಿತು. ಮೇ 29ರಂದು ಹೈಕೋರ್ಟು ಆ ಸುಗ್ರೀವಾಜ್ಞೆಯನ್ನು ರದ್ದುಮಾಡಿತು. ಒಂದು ಅಂಗ ಮೀರಿದಾಗ ಇನ್ನೊಂದು ತಡೆಯುವುದೆಂದರೇನೆಂದು ಪೌರನೀತಿಯ ಪಾಠದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರೆವು.

ಭಾಷೆಯ ಅಧಿಕಾರಿಗೆ ನಾವು ಬೇಡುವುದು ಎರಡೇ: ಅವಧಿಯ ಭದ್ರತೆ, ಮತ್ತು ವರದಿಗೆ ಉತ್ತರ. ವರದಿಯಲ್ಲಿ ನಮ್ಮ ರಾಜ್ಯದ ಬಗ್ಗೆ ಬರೆದುದಕ್ಕೆ ಸರಕಾರವು ಆರು ತಿಂಗಳೊಳಗೆ ಶಾಸನಸಭೆಯಲ್ಲಿ ಉತ್ತರ ಮಂಡಿಸಲಿ. ಆಗ ಮಡಕಶಿರೆಯ ಸದಸ್ಯರಾಗಲಿ ರಾಯದುರ್ಗದವರಾಗಲಿ ಎದ್ದು ನಿಂತು ಪ್ರಶ್ನೆ ಕೇಳಬಹುದು.

ಅಲ್ಲಿಯವರೆಗೆ 350ನೆಯ ವಿಧಿಯಿದೆ. ಕುಂದುಕೊರತೆಯ ಅರ್ಜಿಯನ್ನು ಕೇಂದ್ರದ ಇಲ್ಲವೇ ರಾಜ್ಯದ ಯಾವ ಅಧಿಕಾರಿಗಾದರೂ ಅಲ್ಲಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಯಾವುದರಲ್ಲಾದರೂ ಬರೆಯುವ ಹಕ್ಕನ್ನು ಅದು ಕೊಡುತ್ತದೆ. ಈ ಸಲ ಒಂಬತ್ತನೆಯ ತರಗತಿಯ ಪತ್ರಲೇಖನಕ್ಕೆ ರಜೆ ಕೇಳುವ ಪತ್ರವನ್ನು ಬಿಟ್ಟು, ತಡವಾಗಿ ಬಂದ ಪಠ್ಯಪುಸ್ತಕದ ವಿಷಯವಾಗಿ ಆ ಅಧಿಕಾರಿಗೊಂದು ಅರ್ಜಿ ಬರೆಯಿರೆಂದು ಹೇಳಿದೆವು. ಚೆನ್ನಾಗಿ ಬರೆದ ಮೂರನ್ನು ಅಂಚೆಗೂ ಹಾಕಿದ್ದೇವೆ.