ಬಣ್ಣಕ್ಕೆ ಮೊದಲೇ ಅಂಕ ಕೊಡಿ

ಬೋಧನಾಭ್ಯಾಸದ ವೇಳೆ ನಾವು ಪ್ರಶಿಕ್ಷಣಾರ್ಥಿಗಳು ಮಾಡಿ ತರುವ ಮಾದರಿಗಳನ್ನು ಯಾವ ಹಂತದಲ್ಲಿ ನೋಡಿ ಅಂಕ ಕೊಡಬೇಕು? ಈಗ ಸಾಮಾನ್ಯವಾಗಿ ಮಾದರಿ ಪೂರ್ತಿಯಾಗಿ, ಬಣ್ಣ ಹೊಳೆಯುತ್ತಾ ಮೇಜಿನ ಮೇಲೆ ಕುಳಿತ ಮೇಲೆ ಮೇಲ್ವಿಚಾರಕರ ಕಣ್ಣು ಅದರ ಮೇಲೆ ಬೀಳುತ್ತದೆ. ಅಷ್ಟು ಹೊತ್ತಿಗೆ ನೋಡಬೇಕಾದದ್ದೆಲ್ಲ ಮುಚ್ಚಿಹೋಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಬಣ್ಣ ಬೀಳುವುದಕ್ಕೆ ಮೊದಲೇ ಮಾದರಿಯನ್ನು ಒಮ್ಮೆ ಪರಿಶೀಲಿಸಿ, ಹೆಚ್ಚಿನ ಅಂಕವನ್ನು ಆಗಲೇ ಕೊಡಬೇಕು. ಇದಕ್ಕೆ ಉದಾಹರಣೆಯಾಗಿ ಮರದ ಹಡಗಿನ ಮಾದರಿಯನ್ನು ತೆಗೆದುಕೊಳ್ಳುತ್ತೇನೆ.

ಹಡಗನ್ನೇ ಆರಿಸಿದ್ದಕ್ಕೆ ಕಾರಣವಿದೆ. ಒಂಬತ್ತನೇ ತರಗತಿಯಲ್ಲಿ ತೇಲುವಿಕೆ ಮತ್ತು ಆರ್ಕಿಮಿಡಿಸ್ ತತ್ವ ಬಂದಾಗ ನಮ್ಮಲ್ಲಿ ಯಾರಾದರೊಬ್ಬರು ಹಡಗಿನ ಮಾದರಿ ತರುತ್ತಾರೆ. ಕೆಲವರು ಸ್ವತಃ ಕೆತ್ತುತ್ತಾರೆ, ಕೆಲವರು ಅಂಗಡಿಯಿಂದ ಕೊಳ್ಳುತ್ತಾರೆ. ಅಂಗಡಿಯ ಹಡಗು ಹೆಚ್ಚು ಹೊಳೆಯುತ್ತದೆ. ಅಂಕಪಟ್ಟಿಯಲ್ಲಿ ‘ಬೋಧನೋಪಕರಣದ ಆಕರ್ಷಣೆ’ ಎಂಬ ಸಾಲು ಇದ್ದರೆ ಆ ಸಾಲಿನ ಅಂಕ ಹೊಳಪಿಗೆ ಹೋಗುತ್ತದೆ, ಅಂದರೆ ಕೊಳ್ಳುವ ಶಕ್ತಿಗೆ ಹೋಗುತ್ತದೆ. ಹಾಸ್ಟೆಲಿನ ಊಟದ ಬಿಲ್ ಕಟ್ಟಲು ತಿಣುಕುವ ಸಹಪಾಠಿ ವಾರವಿಡೀ ಕೆತ್ತಿದ್ದು ಹಿಂದೆ ಬೀಳುತ್ತದೆ. ಇನ್ನೊಂದು ನಷ್ಟ ಮಕ್ಕಳದ್ದು. ಬೋಧನಾಭ್ಯಾಸದ ತರಗತಿಯೊಂದರಲ್ಲಿ ಹಡಗಿನ ಹತ್ತಿರ ಬಂದ ಮಕ್ಕಳಿಗೆ “ಮುಟ್ಟಬೇಡಿ, ಬಣ್ಣ ಹೋಗುತ್ತೆ” ಎಂದು ಹೇಳಿದ್ದನ್ನು ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕನ ಬರೆಯುತ್ತಾ ಕೇಳಿದ್ದೇನೆ. ಸಮುದ್ರಕ್ಕೆ ಇಳಿಯಬೇಕಾದ ಹಡಗಿನ ಬಣ್ಣ ಹದಿನಾಲ್ಕು ವರ್ಷದ ಮಗುವಿನ ಬೆರಳಿಗೆ ಹೋಗುವಂತಿದ್ದರೆ, ಆ ಹಡಗು ತೇಲುವಿಕೆಯ ಪಾಠಕ್ಕೆ ಏನು ಕಲಿಸೀತು?

ಹಡಗಿನ ಒಡಲಿಗೆ, ಅಂದರೆ ಹಲ್ ಎಂದು ಕರೆಯುವ ಕೆಳಭಾಗಕ್ಕೆ, ಬಣ್ಣ ಹಾಕುವುದು ಕೊನೆಯ ಸಂಜೆಯ ಅಲಂಕಾರ ಎಂದೇ ನಾವು ತಿಳಿದಿದ್ದೇವೆ. ಕೆಲಸವನ್ನು ಕ್ರಮವಾಗಿ ಮಾಡಿದವರಿಗೆ ಗೊತ್ತು, ಅದರಲ್ಲಿ ಬಣ್ಣದ ಪಾಲು ಬಹಳ ಚಿಕ್ಕದು. ಮೊದಲು ಮರವನ್ನು ನಯಗೊಳಿಸಬೇಕು. 120ನೇ ನಂಬರಿನ ಸ್ಯಾಂಡ್ ಪೇಪರ್‌ನಿಂದ ಶುರುಮಾಡಿ, 220ಕ್ಕೆ ಬಂದು, 320 ಅಥವಾ 400ರಲ್ಲಿ ಮುಗಿಸಬೇಕು. ಉಜ್ಜುವುದು ಎಳೆಯ ದಿಕ್ಕಿನಲ್ಲೇ. ಅಡ್ಡ ಉಜ್ಜಿದರೆ ಬೀಳುವ ಗೀರುಗಳು ಬಣ್ಣದ ಅಡಿಯಿಂದಲೂ ಕಾಣುತ್ತವೆ. ಅನಂತರ ಒದ್ದೆ ಬಟ್ಟೆಯಿಂದ ಒಡಲನ್ನು ಒಮ್ಮೆ ಒರೆಸಿ ಒಣಗಲು ಬಿಟ್ಟರೆ, ನಯವಾಗಿದ್ದ ಮರ ಮತ್ತೆ ತರಿತರಿಯಾಗುತ್ತದೆ. ನೀರು ಕುಡಿದ ನಾರುಗಳು ಉಬ್ಬಿ ಎದ್ದು ನಿಂತಿರುತ್ತವೆ. ಅವನ್ನು ಈಗಲೇ ಉಜ್ಜಿ ತೆಗೆಯದಿದ್ದರೆ ಮೊದಲ ಕೋಟ್ ಬಣ್ಣ ಅವನ್ನು ಎಬ್ಬಿಸುತ್ತದೆ.

ಮುಂದಿನದು ಸೀಲರ್. ಮರದ ಕಾಂಡದಲ್ಲಿ ನೀರು ಸಾಗುವ ನಾಳಗಳನ್ನು ನಾವು ಜೀವಶಾಸ್ತ್ರದಲ್ಲಿ ಚಿತ್ರ ಬರೆದು ಕಲಿಸುತ್ತೇವೆ. ಹಡಗಿನ ಮೂತಿ ಮತ್ತು ಹಿಂಬದಿಯಲ್ಲಿ ಅದೇ ನಾಳಗಳ ತುದಿಗಳು ಕತ್ತರಿಸಿ ತೆರೆದುಕೊಂಡಿರುತ್ತವೆ. ಪಕ್ಕಕ್ಕಿಂತ ಅಲ್ಲಿ ಮರ ಹೆಚ್ಚು ಸೀಲರ್ ಹೀರುತ್ತದೆ. ಪಕ್ಕಕ್ಕೆ ಎರಡು ಕೋಟ್ ಸಾಕಾದರೆ ತುದಿಗಳಿಗೆ ಮೂರು ನಾಲ್ಕು ಬೇಕಾಗಬಹುದು. ಮಕ್ಕಳ ಕೈಗೆ ಬ್ರಷ್ ಕೊಟ್ಟರೆ “ಸಾರ್, ಇಲ್ಲಿ ಮಾತ್ರ ಬೇಗ ಒಣಗಿತು” ಎಂದು ಅವರೇ ಹೇಳುತ್ತಾರೆ. ಕ್ಸೈಲಂ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕೆ?

ಈ ಸೀಲರ್ ಅಂದಕ್ಕೆ ಮಾತ್ರವೆಂದು ತಿಳಿಯಬಾರದು. ಒಂದು ಲೆಕ್ಕ ಮಾಡೋಣ. ನಮ್ಮ ಮಾದರಿ 32 ಸೆಂ.ಮೀ. ಉದ್ದವಿದೆ, ಒಳಗಿಟ್ಟ ಭಾರವೂ ಸೇರಿ 410 ಗ್ರಾಂ ತೂಗುತ್ತದೆ, ನೀರಿನ ಮಟ್ಟದಲ್ಲಿ ಅದರ ಅಡ್ಡಕೊಯ್ತದ ವಿಸ್ತೀರ್ಣ 200 ಚದರ ಸೆಂ.ಮೀ. ಎಂದಿಟ್ಟುಕೊಳ್ಳೋಣ. ಸಿಹಿನೀರಿನಲ್ಲಿ ಅದು 410 ಘನ ಸೆಂ.ಮೀ. ನೀರನ್ನು ಪಲ್ಲಟಗೊಳಿಸುತ್ತದೆ. ಸಮುದ್ರದ ನೀರಿನ ಸಾಂದ್ರತೆ ಸುಮಾರು 1.025, ಆದ್ದರಿಂದ ಅಲ್ಲಿ 400 ಘನ ಸೆಂ.ಮೀ. ಸಾಕು. ವ್ಯತ್ಯಾಸ ಹತ್ತು ಘನ ಸೆಂ.ಮೀ. ಅದನ್ನು 200ರಿಂದ ಭಾಗಿಸಿದರೆ ಹಡಗು ಮೇಲೇರುವುದು ಅರ್ಧ ಮಿಲಿಮೀಟರ್ ಮಾತ್ರ. ಈಗ ಸೀಲರ್ ಇಲ್ಲದ ಒಡಲು ಇಪ್ಪತ್ತು ಗ್ರಾಂ ನೀರು ಕುಡಿದಿದೆ ಎಂದುಕೊಳ್ಳಿ. ಅದು ಒಂದು ಮಿಲಿಮೀಟರ್ ಕೆಳಗೆ ಇಳಿಯುತ್ತದೆ. ನಾವು ತೋರಿಸಬೇಕೆಂದಿದ್ದ ಪರಿಣಾಮದ ಎರಡರಷ್ಟು ದೋಷ ನಮ್ಮ ಮಾದರಿಯೊಳಗೇ ಇದೆ. ಉಪ್ಪು ಕರಗುವಷ್ಟೂ ಕರಗಿಸಿದ ನೀರಿನಲ್ಲಿ, ಐದು ಲೀಟರಿಗೆ ಸುಮಾರು ಒಂದೂ ಮುಕ್ಕಾಲು ಕಿಲೋ, ಸಾಂದ್ರತೆ 1.2ರ ಹತ್ತಿರ ಬರುತ್ತದೆ. ಆಗ ಅದೇ ಹಡಗು ಮೂರು ಮಿಲಿಮೀಟರಿಗೂ ಹೆಚ್ಚು ಮೇಲೇಳುತ್ತದೆ, ಹಿಂದಿನ ಬೆಂಚಿನ ಮಗುವೂ ಹತ್ತಿರ ಬಂದು ಅಳೆಯಬಹುದು. ಆದರೆ ಒಡಲು ನೀರು ಕುಡಿಯದಂತೆ ಮುಚ್ಚಿರಬೇಕು, ನೀರಿನ ಗೆರೆ ತೆಳುವಾಗಿ ನೇರವಾಗಿ ಇರಬೇಕು. ಒಪ್ಪವಾದ ಕೆಲಸ ಮಾಡಿದಾಗಲೇ ಮಾದರಿಯು ಅಳತೆಯ ಸಾಧನವಾಗುತ್ತದೆ.

ಇನ್ನು ಪ್ರೈಮರ್. ನನ್ನ ವಾದ ನಿಂತಿರುವುದು ಈ ಹಂತದ ಮೇಲೆ. ಮರ, ವುಡ್ ಪುಟ್ಟಿ, ಸೀಲರ್ ಮೂರಕ್ಕೂ ಬೇರೆ ಬೇರೆ ಬಣ್ಣವಿರುವುದರಿಂದ ಬರಿಗಣ್ಣಿಗೆ ಉಬ್ಬುತಗ್ಗು ಸರಿಯಾಗಿ ಕಾಣುವುದಿಲ್ಲ. ಬೂದು ಬಣ್ಣದ ಪ್ರೈಮರ್ ತೆಳುವಾಗಿ ಒಂದು ಕೋಟ್ ಬಿದ್ದ ಕೂಡಲೇ ಒಡಲೆಲ್ಲ ಒಂದೇ ಬಣ್ಣವಾಗುತ್ತದೆ, ಆಗ ಬೆಳಕು ಆಕಾರವನ್ನು ಮಾತ್ರ ಹೇಳುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಪ್ರತಿ ಗುಳಿ, ಪ್ರತಿ ಗೀರು ನೆರಳು ಚೆಲ್ಲುತ್ತದೆ. ಗುಳಿಗೆ ಪುಟ್ಟಿ ತುಂಬಿ, ಉಜ್ಜಿ, ಮತ್ತೆ ಪ್ರೈಮರ್ ಹಾಕುವ ಅವಕಾಶ ಇನ್ನೂ ಇರುತ್ತದೆ. ರೂಪಣಾತ್ಮಕ ಮೌಲ್ಯಮಾಪನದ ಬಗ್ಗೆ ನಾವು ಪುಟಗಟ್ಟಲೆ ಬರೆಯುತ್ತೇವೆ: ತಿದ್ದಿಕೊಳ್ಳಲು ಸಮಯವಿರುವಾಗಲೇ ತಪ್ಪು ಕಾಣಬೇಕು ಎಂದು. ಮಾದರಿಯ ವಿಷಯದಲ್ಲಿ ಮಾತ್ರ ನಮ್ಮನ್ನು ತಿದ್ದಲು ದಾರಿಯಿಲ್ಲದ ಹಂತದಲ್ಲಿ ನೋಡಲಾಗುತ್ತದೆ. ಹೊಳೆಯುವ ಎನಾಮೆಲ್ ಬಿದ್ದ ಮೇಲೆ ಗುಳಿ ಕಂಡರೆ ಅಂಕ ಕಳೆಯಬಹುದು ಅಷ್ಟೇ, ಕಲಿಸಲು ಆಗುವುದಿಲ್ಲ.

ನೀರಿನ ಗೆರೆ ಎಳೆಯುವುದೂ ಒಂದು ಪಾಠವೇ. ಹಡಗನ್ನು ಸಮತಟ್ಟಾದ ಮೇಜಿನ ಮೇಲೆ ಅಲುಗಾಡದಂತೆ ಕೂರಿಸಿ, ಪೆನ್ಸಿಲನ್ನು ಒಂದು ಮರದ ತುಂಡಿಗೆ ನಿಗದಿತ ಎತ್ತರದಲ್ಲಿ ಕಟ್ಟಿ, ಆ ತುಂಡನ್ನು ಹಡಗಿನ ಸುತ್ತ ಸರಿಸಬೇಕು. ಬಾಗಿದ ಮೈಮೇಲೆ ಗೆರೆ ಸೊಟ್ಟಗೆ ಹೋದಂತೆ ಕಂಡರೂ ಅದರ ಪ್ರತಿ ಬಿಂದುವೂ ಮೇಜಿನಿಂದ ಒಂದೇ ಎತ್ತರದಲ್ಲಿರುತ್ತದೆ. ಅದರ ಮೇಲೆ ಮಾಸ್ಕಿಂಗ್ ಟೇಪನ್ನು ಸಣ್ಣ ಪಟ್ಟಿಗಳಾಗಿ ಸೀಳಿ ಅಂಟಿಸಬೇಕು, ಅಗಲದ ಟೇಪ್ ತಿರುವಿನಲ್ಲಿ ಮಡಿಕೆ ಬೀಳುತ್ತದೆ. ಬಣ್ಣ ತೆಳುವಾಗಿ ಎರಡು ಮೂರು ಕೋಟ್. ಎನಾಮೆಲನ್ನು ಒಮ್ಮೆಗೇ ದಪ್ಪಗೆ ಬಳಿದರೆ ಗಾಳಿಯ ಆಕ್ಸಿಜನ್ ಸೇರಿ ಮೇಲ್ಪದರ ಗಟ್ಟಿಯಾಗುತ್ತದೆ, ಒಳಗೆ ಹಸಿಯೇ ಉಳಿದು ಮೇಲೆ ಸುಕ್ಕು ಬೀಳುತ್ತದೆ.

ಗೆರೆಯ ಮೇಲೊಂದು ಬಣ್ಣ ಕೆಳಗೊಂದು ಬಣ್ಣ ಏಕೆ ಎಂದು ಯಾರಾದರೂ ಮಗು ಕೇಳಿಯೇ ಕೇಳುತ್ತದೆ. ಉತ್ತರದಲ್ಲಿ ರಸಾಯನಶಾಸ್ತ್ರವಿದೆ. ನೀರಿನ ಕೆಳಗಿನ ಮರವನ್ನು ಸಮುದ್ರದ ಮೃದ್ವಂಗಿಗಳು ಕೊರೆಯುತ್ತವೆ, ಬಾರ್ನಕಲ್‌ಗಳು ಅಂಟಿಕೊಂಡು ವೇಗ ತಗ್ಗಿಸುತ್ತವೆ. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ಒಡಲಿಗೆ ತಾಮ್ರದ ತಗಡು ಹೊದಿಸಿತು. ಮರ ಉಳಿಯಿತು, ಆದರೆ ತಾಮ್ರದ ಜೊತೆ ಸಮುದ್ರದ ನೀರಿನಲ್ಲಿದ್ದ ಕಬ್ಬಿಣದ ಮೊಳೆಗಳು ಸವೆದುಹೋದವು. ಕೆಲವು ಮೊಳೆಗಳು ಮಾತ್ರ ಚೆನ್ನಾಗಿ ಉಳಿದಿದ್ದವು. ಅಲ್ಲಿ ತಗಡಿಗೂ ಮೊಳೆಗೂ ನಡುವೆ ಕಂದು ಕಾಗದ ಉಳಿದುಕೊಂಡಿತ್ತು! 1824ರಲ್ಲಿ ಹಂಫ್ರಿ ಡೇವಿ ತಾಮ್ರದ ಸವೆತ ತಡೆಯಲು ಅದಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿದರು. ಸವೆತ ನಿಂತಿತು, ಆದರೆ ತಾಮ್ರ ನೀರಿಗೆ ಕರಗುವುದೂ ನಿಂತು ಬಾರ್ನಕಲ್‌ಗಳು ಮತ್ತೆ ಬೆಳೆದವು. ಇಂದಿಗೂ ಹಲವು ಹಡಗುಗಳ ತಳ ಕೆಂಪಾಗಿರುವುದಕ್ಕೆ ಬಣ್ಣದಲ್ಲಿ ಬೆರೆಸುವ ಕೆಂಪು ಕುಪ್ರಸ್ ಆಕ್ಸೈಡ್ ಒಂದು ಕಾರಣ. ನಮ್ಮ ಕರಾವಳಿಯಲ್ಲಿ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದದ್ದೂ ಇದೇ ಕಾಳಜಿಯಿಂದ. ಅದು ಚರ್ಮ ಸುಡುವುದರಿಂದ ಮಕ್ಕಳ ಕೈಗೆ ಮಾತ್ರ ಕೊಡಬಾರದು.

ಆಕ್ಷೇಪಗಳು ಬರುತ್ತವೆ. ಮೊದಲನೆಯದು ಸಮಯ. ನಲವತ್ತು ನಿಮಿಷದ ಅವಧಿಯಲ್ಲಿ ಪಠ್ಯ ಮುಗಿಸಬೇಕು, ಹಡಗು ಉಜ್ಜುತ್ತಾ ಕೂರಲಾಗದು ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಒಡಲಿನ ಕೆಲಸದಲ್ಲಿ ಹೆಚ್ಚಿನ ಪಾಲು ಒಣಗಲು ಕಾಯುವುದು. ದಿನಕ್ಕೆ ಹತ್ತು ನಿಮಿಷ ಐದು ಮಕ್ಕಳ ತಂಡ ಕೆಲಸ ಮಾಡಿದರೆ, ಉಳಿದ ಹೊತ್ತು ಹಡಗು ಕಿಟಕಿಯ ಬಳಿ ತಾನೇ ಒಣಗುತ್ತದೆ. ಎರಡನೆಯದು ಆರೋಗ್ಯ. ಇದನ್ನು ಹಗುರವಾಗಿ ನೋಡಬಾರದು. ಉಜ್ಜುವ ಕೆಲಸ ಜಗುಲಿಯಲ್ಲಿ, ಮಾಸ್ಕ್ ಹಾಕಿಕೊಂಡು ನಡೆಯಲಿ. ಮಕ್ಕಳಿಗೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಮಾತ್ರ ಕೊಡಬೇಕು, ತಿನ್ನರ್ ಬೇಕಾದ ಎನಾಮೆಲ್ ಬೇಡ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಶಾಲೆಯ ಉಗ್ರಾಣದಲ್ಲಿರುವ ಹಳೆಯ ಡಬ್ಬಗಳನ್ನು ತೆರೆಯಲೇಬಾರದು. ಮೂರನೆಯದು, ಇದು ಚಿತ್ರಕಲಾ ಶಿಕ್ಷಕರ ಕೆಲಸ ಎಂಬ ಮಾತು. ಅವರ ನೆರವು ಖಂಡಿತ ಬೇಕು. ಆದರೆ ನೀರು ಕುಡಿದ ಮರ ಏಕೆ ಮುಳುಗುತ್ತದೆ ಎಂಬುದು ನಮ್ಮ ಪಾಠ.

ಕೊನೆಗೆ ನನ್ನ ಸಲಹೆಗಳು. ಮಾದರಿಗೆ ಹತ್ತು ಅಂಕವಿದ್ದರೆ ಮರದ ಸಿದ್ಧತೆಗೆ 3, ಸೀಲರಿಗೆ 2, ಪ್ರೈಮರ್ ಹಂತದಲ್ಲಿ ತಪ್ಪು ಗುರುತಿಸಿ ತಿದ್ದಿದ್ದಕ್ಕೆ 3, ನೀರಿನ ಗೆರೆ ಮತ್ತು ಕೊನೆಯ ಬಣ್ಣಕ್ಕೆ 2 ಇರಲಿ. ಪ್ರೈಮರ್ ಹಂತದಲ್ಲಿ ಮಾರ್ಗದರ್ಶಿ ಉಪನ್ಯಾಸಕರು ಟಾರ್ಚ್ ಹಿಡಿದು ಐದು ನಿಮಿಷ ನೋಡಲಿ. ಬಿಡುವಿಲ್ಲದಿದ್ದರೆ ಸಹಪಾಠಿಯೊಬ್ಬರು ನೋಡಿ ಅವಲೋಕನ ಪುಸ್ತಕದಲ್ಲಿ ಬರೆದರೂ ಸಾಕು. ಕೊಂಡು ತಂದ ಮಾದರಿಯನ್ನು ಪಾಠಕ್ಕೆ ಬಳಸಬಹುದು, ತಯಾರಿಕೆಯ ಅಂಕ ಅದಕ್ಕೆ ಬೇಡ.

ಇನ್ನೊಂದು ಸಲಹೆ ನನಗೆ ಹೆಚ್ಚು ಇಷ್ಟವಾದದ್ದು. ಒಡಲಿನ ಒಂದು ಬದಿಗೆ ಪೂರ್ತಿ ಬಣ್ಣ ಹಾಕಿ, ಇನ್ನೊಂದು ಬದಿಯನ್ನು ನಾಲ್ಕು ಪಟ್ಟಿಗಳಾಗಿ ಬಿಡೋಣ: ಉಜ್ಜಿದ ಬರಿಮರ, ಸೀಲರ್, ಪ್ರೈಮರ್, ಬಣ್ಣ. ನೀರಿಗಿಳಿಸುವ ಮೊದಲು ಬರಿಮರದ ಪಟ್ಟಿಗೆ ಮೇಣ ಸವರಿದರಾಯಿತು. ಇದರಿಂದ ಮಾದರಿಯ ಘನತೆ ಕುಗ್ಗುವುದಿಲ್ಲ. ಹದಿನೇಳು, ಹದಿನೆಂಟನೇ ಶತಮಾನದ ಬ್ರಿಟಿಷ್ ‘ನೇವಿ ಬೋರ್ಡ್’ ಮಾದರಿಗಳಲ್ಲಿ ಒಡಲಿನ ಕೆಳಭಾಗಕ್ಕೆ ಹಲಗೆಯನ್ನೇ ಹೊದಿಸದೆ ಒಳಗಿನ ಪಕ್ಕೆಲುಬುಗಳು ಕಾಣುವಂತೆ ಬಿಡುತ್ತಿದ್ದರು. ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿ ಅವು ಇಂದಿಗೂ ಗೌರವದ ಜಾಗದಲ್ಲಿವೆ. ಹಡಗು ಹೇಗೆ ಆಯಿತು ಎಂಬುದು ಕಾಣುವ ಮಾದರಿಯನ್ನು ಮಗು ಮುಟ್ಟಬಹುದು, ಉಗುರಿನಿಂದ ಕೆರೆದು ನೋಡಬಹುದು, ನೀರಿಗೆ ಹಾಕಿ ತೂಗಬಹುದು. ಮುಂದಿನ ಸಾಲಿನ ಬೋಧನಾಭ್ಯಾಸದ ಅಂಕಪಟ್ಟಿ ಸಿದ್ಧವಾಗುವ ಮೊದಲು ನಮ್ಮ ಗುರುಗಳು ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.