ನಷ್ಟದವರ ಜೇಬಿನಿಂದ ಬರುವ ಸಂಬಳ

ವಿಜಯನಗರದ ನಮ್ಮ ಯುವಕರು ‘ಟ್ರೇಡರ್’ ಆಗಲು ಹಾತೊರೆಯುತ್ತಿದ್ದಾರೆ. ಸಂಸ್ಥೆಯ ಹಣದಲ್ಲಿ ವಹಿವಾಟು ನಡೆಸುವವನಿಗೆ ಸಂಬಳದ ಜೊತೆ ಲಾಭದಲ್ಲೊಂದು ಪಾಲು. ಲಾಭ ಬೆಳೆದಂತೆ ಪಾಲೂ ಬೆಳೆಯುತ್ತದೆ. ಆದರೆ ಫ್ಯೂಚರ್ಸ್, ಆಪ್ಷನ್ಸ್‌ಗಳಲ್ಲಿ ಒಬ್ಬನ ಗಳಿಕೆಯೆಂದರೆ ಇನ್ನೊಬ್ಬನ ನಷ್ಟ. ಸೆಬಿಯ 2024ರ ಅಧ್ಯಯನದ ಪ್ರಕಾರ, 2023-24ರಲ್ಲಿ ಇಂತಹ ಸಂಸ್ಥೆಗಳು ಖರ್ಚು ಕಳೆಯುವ ಮುನ್ನ 33,000 ಕೋಟಿ ರೂಪಾಯಿ ಗಳಿಸಿದವು. ಮೊಬೈಲ್ ಹಿಡಿದು ಅದೇ ಕಣಕ್ಕಿಳಿದ ಜನಸಾಮಾನ್ಯರಲ್ಲಿ ಶೇ. 93 ಮಂದಿ ಮೂರು ವರ್ಷಗಳಲ್ಲಿ ನಷ್ಟ ಅನುಭವಿಸಿದರು; ಒಟ್ಟು 1.8 ಲಕ್ಷ ಕೋಟಿಗೂ ಹೆಚ್ಚು.

ಇದನ್ನು ವ್ಯಾಪಾರವೆಂದು ನಾವು ಒಪ್ಪಲಾರೆವು. ತನ್ನ ಬಳಿ ಇಲ್ಲದ್ದನ್ನು ಮಾರಬಾರದೆಂದು ಪ್ರವಾದಿ(ಸ) ಹಕೀಮ್ ಬಿನ್ ಹಿಝಾಮ್(ರ)ರಿಗೆ ತಿಳಿಸಿದ್ದರು. ಜೂಜನ್ನು ಕುರ್‌ಆನ್ ಮದ್ಯದ ಸಾಲಿನಲ್ಲೇ ನಿಷೇಧಿಸಿದೆ. ಹಲಾಲ್ ಉದ್ಯಮದ ಷೇರು ಕೊಂಡು ಲಾಭನಷ್ಟಗಳೆರಡರಲ್ಲೂ ಪಾಲುದಾರರಾಗುವುದು ಬೇರೆ ಮಾತು. ವರನ ಸಂಬಳ ಎಷ್ಟೆಂದು ವಿಚಾರಿಸುವ ಹೆತ್ತವರು, ಅದು ಎಲ್ಲಿಂದ ಬರುತ್ತದೆಂದು ಏಕೆ ಕೇಳುವುದಿಲ್ಲ?