ಹಟಮಾರಿಗಳು ಯಾರು?

ಕುರ್ಲಾದ ಹೋಟೆಲಿನ ಗಲ್ಲಾದಿಂದ ಹಿಡಿದು ದೊಡ್ಡ ಕಚೇರಿಗಳ ಮೇಲಧಿಕಾರಿಗಳ ಕೋಣೆಯವರೆಗೆ ಒಂದು ಮಾತು ಸವೆದ ನಾಣ್ಯದಂತೆ ಚಲಾವಣೆಯಲ್ಲಿದೆ: "ಕೆಲಸದವರು ಹೊಸದನ್ನು ಒಪ್ಪುವುದಿಲ್ಲ." ಬದಲಾವಣೆಗೆ ಅಡ್ಡಗಾಲು ಹಾಕುವವನು ದುಡಿಯುವವನೇ ಎಂಬ ಈ ಆರೋಪವನ್ನು ನಾವು ಒಪ್ಪಲಾರೆವು.

ದೂರ ಹೋಗಬೇಕಾಗಿಲ್ಲ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಕಥೆಯನ್ನೇ ನೋಡೋಣ. 1964ರಲ್ಲಿ ಫಿಯಟ್ 1100 ಡಿಲೈಟ್ ಎಂದು ಬಂದ ಕಾರು ಮುಂದೆ ಪದ್ಮಿನಿಯೆಂದು ಹೆಸರು ಬದಲಿಸಿತು. ಮೈಕಟ್ಟು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು. 1983ರಲ್ಲಿ ಮಾರುತಿ ಬೀದಿಗಿಳಿಯಿತು. ನಡುವೆ 118 ಎನ್‌ಇ ಎಂಬ ಮಾದರಿ ಬಂತಾದರೂ, 2000ದ ಸುಮಾರಿಗೆ ತಯಾರಿಕೆ ನಿಲ್ಲುವವರೆಗೆ ಕಾರ್ಖಾನೆ ಪದ್ಮಿನಿಯನ್ನು ಕೈಬಿಡಲಿಲ್ಲ. ಮುಷ್ಕರಗಳು ನಡೆದದ್ದು ನಿಜ. ಆದರೆ ಹೊಸ ಮಾದರಿ ಯಾವುದು, ಯಾವಾಗ ಎಂದು ತೀರ್ಮಾನಿಸಿದವರು ಯಾರು? ಪರವಾನಗಿ ಕೊಡುವ ಸರಕಾರ ಮತ್ತು ಆಡಳಿತ ವರ್ಗ. ಪಾನಾ ಹಿಡಿದವನ ಕೈಯಲ್ಲಿ ಆ ತೀರ್ಮಾನ ಇರಲಿಲ್ಲ. ಇಂದು ಆ ನೆಲದಲ್ಲಿ ಕೋಹಿನೂರ್ ಸಿಟಿಯ ಕಟ್ಟಡಗಳು ನಿಂತಿವೆ. ಹಟಮಾರಿಯೆಂಬ ಬಿರುದು ಮಾತ್ರ ಕಾರ್ಮಿಕನ ಪಾಲಿಗೆ ಉಳಿದಿದೆ.

ಇನ್ನೊಂದು ಸಾಕ್ಷಿ ಬ್ಯಾಂಕುಗಳದು. ಗಣಕಯಂತ್ರ ಬಂದರೆ ಅನ್ನ ಹೋದೀತೆಂದು ಗುಮಾಸ್ತರು ಪ್ರತಿಭಟಿಸಿದರು. ಅದು ಬುಡವಿಲ್ಲದ ಭಯವಾಗಿರಲಿಲ್ಲ. 1983ರಲ್ಲಿ ನೌಕರ ಸಂಘಟನೆಗಳೂ ಬ್ಯಾಂಕುಗಳ ಸಂಘವೂ ಎದುರುಬದುರು ಕುಳಿತು ಯಂತ್ರೀಕರಣದ ಒಪ್ಪಂದ ಮಾಡಿಕೊಂಡವು. ಯಾವ ಕೆಲಸಕ್ಕೆ ಯಂತ್ರ, ಅದನ್ನು ನಡೆಸುವವನಿಗೆ ಭತ್ಯೆ ಏನು ಎಂಬುದು ಮಾತುಕತೆಯ ವಿಷಯವಾಯಿತು. ಲೆಡ್ಜರು ಬರೆದ ಕೈಗಳೇ ಮುಂದೆ ಕೀಲಿಮಣೆ ಒತ್ತಿದವು. ಅವರಲ್ಲಿ ನಮ್ಮ ಕನ್ನಡಿಗರೆಷ್ಟು ಮಂದಿ!

ಹೊಸದನ್ನು ಕಲಿಯಲಾರದ ಜನವೆ ನಾವು? ಊರು ಬಿಟ್ಟು ಬಂದ ಹುಡುಗರು ಹಗಲೆಲ್ಲ ಕಪ್ಪುಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ಓದಿ, ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಒಡೆಯರೂ ಆದರು.

ಆದ್ದರಿಂದ ಇಂದು ಮಾಲಿಕರಾಗಿರುವ ನಮ್ಮ ಬಂಧುಗಳಲ್ಲಿ ವಿನಂತಿ. ಬಿಲ್ಲಿನ ಯಂತ್ರವನ್ನೋ ಮೊಬೈಲಿನ ಆರ್ಡರನ್ನೋ ತರುವ ಮುನ್ನ ಹುಡುಗರನ್ನು ಕೂಡಿಸಿ ಹೇಳಿ. ಕಲಿಯುವ ಹೊತ್ತನ್ನು ಕೆಲಸದ ಹೊತ್ತಿನಲ್ಲೇ ಕೊಡಿ; ಅವರ ನಿದ್ದೆಯಿಂದ ಕದಿಯಬೇಡಿ. ಯಂತ್ರದಿಂದ ಬಂದ ಲಾಭದಲ್ಲಿ ಅವರಿಗೂ ಪಾಲಿರಲಿ. ಇಷ್ಟನ್ನೂ ಮಾಡದೆ "ಒಪ್ಪುವುದಿಲ್ಲ" ಎಂದು ದೂರುವುದು ಅನ್ಯಾಯ.

ಕಾರ್ಮಿಕ ಮಿತ್ರರಿಗೂ ಹೇಳುತ್ತೇವೆ: ಬರಿಯ "ಬೇಡ" ಎಂಬುದು ಉತ್ತರವಲ್ಲ. ಯಂತ್ರ ಹೇಗೂ ಬರುತ್ತದೆ. ನೀವು ಸುಮ್ಮನೆ ಮುಖ ತಿರುಗಿಸಿದರೆ ಷರತ್ತೆಲ್ಲ ಮಾಲಿಕನದೇ ಆಗುತ್ತದೆ. ಬ್ಯಾಂಕಿನವರಂತೆ ನಿಮ್ಮ ಷರತ್ತನ್ನು ಮೊದಲೇ ಮುಂದಿಡಿ.

ಇನ್ನು ನಮ್ಮ ಸಂಘಸಂಸ್ಥೆಗಳು. ರಾತ್ರಿಶಾಲೆ ನಡೆಸಿದ ಪರಂಪರೆ ನಮ್ಮದು. ವಾರಕ್ಕೊಂದು ಸಂಜೆ ಸಂಘದ ಕೋಣೆಯಲ್ಲಿ ಹೋಟೆಲಿನ ಹುಡುಗರಿಗೆ ಈ ಹೊಸ ಕೆಲಸ ಕಲಿಸಬಾರದೆ? ಬ್ಯಾಂಕುಗಳಿಂದ ನಿವೃತ್ತರಾದ ಹಿರಿಯರು ಮುಂದೆ ಬರುವರೆಂದು ನಂಬಿದ್ದೇವೆ.